ಅತ್ತೆಗೊಂದು ನೇರ ಪ್ರಶ್ನೆ

ಚೆನ್ನೈನ ಗಿಂಡಿ ಬಸ್ ಸ್ಟಾಪಲ್ಲಿ ಕನ್ನಡ ಕೇಳಿಸಿದ್ದೇ ತಡ, ಶಿಲ್ಪಶ್ರೀ ಕಿವಿ ನೆಟ್ಟಗಾಯ್ತು. ಪಕ್ಕದಲ್ಲೇ ಒಂದು ಜೋಡಿ. ಮದುವೆ ಗೊತ್ತಾಗಿದೆ, ಹುಡುಗಿ ಮೊದಲ ಸಲ ಅತ್ತೆ ಆಗೋರನ್ನ ನೋಡೋಕೆ ಹೊರಟಿದಾಳೆ.

"ಮೌನ, ಅಮ್ಮಂಗೆ ಕನ್ನಡ ಬಿಟ್ರೆ ಏನೂ ಬರಲ್ಲ. ಎಲ್ಲಿ, ಊಟ ಆಯ್ತಾ ಅಂತ ಕೇಳು ನೋಡೋಣ."

"ಊಟ ಆಯ್ತೋ ಇಲ್ವೋ? ಜಾರಿಕೋಬೇಡಿ, ನೇರವಾಗಿ ಉತ್ತರ ಕೊಡಿ!"

"ಅಯ್ಯಯ್ಯೋ! ಯಾರೇ ಇದನ್ನ ಕಲಿಸಿದ್ದು?"

"ಯೂಟ್ಯೂಬು ಕಣೋ, ಲಿಖಿತ್! ನಮ್ಮನೇಲಿ ಎಲ್ಲಾ ತಮಿಳೇ ಅಲ್ವಾ, ಅದಕ್ಕೆ ದಿನಾ ಕನ್ನಡ ರಾಜಕೀಯ ಚರ್ಚೆ ನೋಡ್ದೆ. ಏಂಪಾ, ತಪ್ಪಾ?"

"ಅವರು ಮಾತಾಡಲ್ಲ ಕಣೇ, ಕಿರುಚ್ತಾರೆ! ಸರಿ, ಅಮ್ಮ ಇನ್ನೊಂದು ಹೋಳಿಗೆ ಹಾಕೋಕೆ ಬಂದ್ರು ಅನ್ಕೋ. ಏನಂತೀಯ?"

"ಇದು ವ್ಯವಸ್ಥಿತ ಪಿತೂರಿ!"

ಶಿಲ್ಪಶ್ರೀ ದುಪಟ್ಟಾನ ಬಾಯಿಗೆ ಒತ್ಕೊಂಡ್ಳು.

"ಸಾಕು ಅತ್ತೆ, ಅನ್ನೇ ಮಾರಾಯ್ತಿ!"

"ಆ ಚರ್ಚೇಲಿ ಯಾರೂ ಸಾಕು ಅನ್ನೋದೇ ಇಲ್ಲಪ್ಪ."

ಅಷ್ಟರಲ್ಲಿ ಅಮ್ಮನ ಫೋನೇ ಬಂತು. ಅವನು ಸ್ಪೀಕರ್ ಹಾಕ್ದ, ಮುಖ ಬಿಳಚ್ಕೊಂಡಿತ್ತು.

"ಮೌನಾನೇನಮ್ಮ? ನಾಚ್ಕೋಬೇಡ, ನೀನೇ ಹೇಳು. ನಮ್ಮ ಹುಡುಗ ನಿಂಗೆ ಒಪ್ಪಿಗೆ ತಾನೆ?"

ಹುಡುಗಿ ತಡಬಡಾಯಿಸಿದ್ಳು. ಆಮೇಲೆ ಗಟ್ಟಿಯಾಗಿ, "ಸ್ಪಷ್ಟ ಬಹುಮತದಿಂದ, ಅತ್ತೆ!"

ಫೋನಿನ ಆ ಕಡೆಯಿಂದ ನಗು ಅಂದ್ರೆ ನಗು, ಉಸಿರು ಕಟ್ಟೋ ಅಷ್ಟು.

"ಹಂಗಾದ್ರೆ ಬೇಗ ಬಾ ನನ್ನ ತಾಯಿ, ಸರ್ಕಾರ ರಚಿಸೋಣ!"

ಅಮ್ಮನ ಮನೆ ಕಡೆ ಹೋಗೋ ಪೋರೂರಿನ ಬಸ್ ಬಂತು. ಇಬ್ಬರೂ ನಗ್ತಾನೇ ಓಡಿ ಹತ್ಕೊಂಡ್ರು.