ಬೀಗ ಹಾಕಿದ ಹುಳುಮನೆಯಿಂದ ವೈವಾ

ಹಲೋ... ಹಲೋ, ಯಾರು ಮಾತಾಡ್ತಿರೋದು? ಈ ನಂಬರ್ ನನ್ನ ಹತ್ರ ಇಲ್ವಲ್ಲ.

... ಚೈತನ್ಯಾನಾ? ಇದ್ಯಾರ ಫೋನೇ? ... ಓ, ಲ್ಯಾಬ್ ಅಟೆಂಡರ್ ವೇಣು ಅಣ್ಣಂದಾ. ಸರಿ, ಸ್ವಲ್ಪ ಜೋರಾಗಿ ಮಾತಾಡಮ್ಮ, ಇಲ್ಲಿ ಸಿಗ್ನಲ್ ಒಂದೇ ಕಡ್ಡಿ ಇರೋದು. ಚಾರ್ಜೂ ಕೆಂಪಗಾಗಿದೆ.

... ಇಲ್ಲ ಕಣೇ, ಬಸ್ಸಲ್ಲಿಲ್ಲ. ಇನ್ನೂ ತೋಟದ ಹುಳುಮನೇಲೇ ಇದೀನಿ.

... ಬೈಯೋದು ಆಮೇಲೆ ಬೈಯುವಂತೆ, ಮೊದಲು ಕೇಳು. ನಾಳೆ ಹಣ್ಣಾಗ್ಬೇಕಾಗಿದ್ದ ರೇಷ್ಮೆಹುಳು ಇವತ್ತು ಬೆಳಗ್ಗೆನೇ ಹಣ್ಣಾಗ್ಬಿಟ್ಟಿದೆ. ಮೈ ಹೊಳೀತಾ ಇದೆ, ತಲೆ ಎತ್ಕೊಂಡು ನೂಲು ಬಿಡೋಕೆ ಜಾಗ ಹುಡುಕ್ತಾ ಇದಾವೆ. ಈಗಲೇ ಆಯ್ದು ಗೂಡು ಕಟ್ಟೋ ತಟ್ಟೆ, ಚಂದ್ರಂಕಿ ಮೇಲೆ ಬಿಡ್ಲಿಲ್ಲ ಅಂದ್ರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಕೊಂಡು ಬೆಳೆ ಹಾಳು. ಮಾವ ಇನ್ನಷ್ಟು ಚಂದ್ರಂಕಿ ತರೋಕೆ ಅಂತ ಶಿಡ್ಲಘಟ್ಟಕ್ಕೆ ಹೋಗಿದಾರೆ. ಅತ್ತೆ ಊಟ ತರ್ತೀನಿ ಅಂತ ಊರೊಳಗೆ ಹೋದ್ರು. ಹೋಗ್ತಾ ಆಚೆಯಿಂದ ಬೀಗ ಹಾಕ್ಕೊಂಡು ಹೋದ್ರು.

... ಹಾಂ, ಬೀಗವೇ. ನನ್ನ ಮೇಲಿನ ಸಿಟ್ಟಿಗಲ್ಲ ಕಣೇ. ಹುಳು ಹಣ್ಣಾದ ದಿನ ಹೊರಗಿನೋರು ಒಳಗೆ ಬರಬಾರ್ದು, ಕೈ ಹಾಕಿದೋರು ಮುಗಿಯೋವರೆಗೂ ಹೊಸಿಲು ದಾಟಬಾರ್ದು. ನಮ್ಮ ಅತ್ತೆ ಓಬಳಮ್ಮನೋರು ಮಾಡಿರೋ ಕಾನೂನು. ನಾನು ಮದುವೆಯಾಗಿ ಬಂದಾಗಿಂದ ಹೀಗೇ.

... ಹೇಳಿದ್ದೆ ಕಣೇ. ಇವತ್ತು ಲ್ಯಾಬ್ ಪರೀಕ್ಷೆ ಇದೆ, ವೈವಾ ಇದೆ ಅಂತ ಹದಿನೈದು ದಿನದಿಂದ ಹೇಳ್ತಾನೇ ಇದೀನಿ. ಹೂಂ ಹೂಂ ಅಂದ್ರು. ಹುಳಕ್ಕೆ ಯಾರು ಹೇಳೋರು.

... ನಮ್ಮನೆಯವ್ರಿಗೂ ಫೋನ್ ಮಾಡ್ದೆ. ಮಧು ಗೌರಿಬಿದನೂರಲ್ಲಿ ಡ್ಯೂಟಿ ಮೇಲಿದಾರೆ. ಅಮ್ಮನ ಹತ್ರ ನಾನೇನು ಹೇಳ್ಲಿ, ನೀನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಅಂದ್ರು. ಅಡ್ಜಸ್ಟ್ ಮಾಡ್ಕೊಂಡು ಮಾಡ್ಕೊಂಡು ನಾನು ಉಳಿದಿರೋದೇ ಇಷ್ಟು. ಅದು ಬಿಡು. ನಮ್ಮ ಬ್ಯಾಚ್ ಕರೆದ್ರಾ? ನಮ್ಮ ಬೆಟ್ಟದ ಪ್ರೋಗ್ರಾಮ್ ತೋರಿಸಿದ್ಯಾ?

... ಏನು, ಕಪ್ಪಗಿದ್ಯಾ? ಪೂರ್ತಿ ಕಪ್ಪಾ? ... ಪ್ರೊಜೆಕ್ಟರಲ್ಲಿ ಏನು ಬರ್ತಿದೆ? ... ಸಿಗ್ನಲ್ ಇಲ್ಲ ಅಂತಾ. ಅಯ್ಯೋ ರಾಮ. ಎಸ್ಕೇಪ್ ಒತ್ತಿದ್ಯಾ? ... ಹೌದು, ಅದು ಕೆಲಸ ಮಾಡಲ್ಲ. ಕ್ಯೂ ಒತ್ತಿದ್ರೂ ಮಾಡಲ್ಲ. ಯಾವುದೂ ಮಾಡಲ್ಲ, ಸುಮ್ನೆ ಕೀಬೋರ್ಡ್ ಕುಟ್ಬೇಡ.

... ಯಾಕೆ ಅಂದ್ರೆ ನಾನೇ ತೆಗೆದಿದೀನಿ. ... ಆಚೆ ಬರೋ ಕೀನ ನಾನೇ ತೆಗೆದಿದೀನಿ ಅಂದೆ. ಕಾರಣ ಆಮೇಲೆ ಹೇಳ್ತೀನಿ. ಎಕ್ಸ್‌ಟರ್ನಲ್ ಸರ್ ಎಲ್ಲಿ? ... ಪಕ್ಕದ ಸಿಸ್ಟಮ್ ಹತ್ರ ಇದಾರಾ. ಒಳ್ಳೇದಾಯ್ತು. ಅವ್ರು ನಿನ್ನ ಕಡೆ ಬರೋ ಅಷ್ಟರಲ್ಲಿ ಮಾಡಣ. ಅಳ್ಬೇಡ, ಅತ್ರೆ ನಂಗೆ ಕೇಳಿಸಲ್ಲ.

... ಕಂಟ್ರೋಲ್, ಆಲ್ಟ್, ಎರಡೂ ಒತ್ಕೊಂಡು ಮೇಲಿರೋ ಎಫ್ ತ್ರೀ. ... ಬಿಳಿ ಅಕ್ಷರ ಬಂತಾ? ಲಾಗಿನ್ ಕೇಳ್ತಾ? ಲ್ಯಾಬಿನ ಹೆಸರು, ಪಾಸ್‌ವರ್ಡ್ ಹಾಕು. ... ಪಾಸ್‌ವರ್ಡ್ ಹೊಡೀವಾಗ ಏನೂ ಕಾಣ್ಸಲ್ಲ, ಹೆದರ್ಬೇಡ, ಹೊಡೀತಾ ಹೋಗು. ಈಗ ಕಿಲ್‌ಆಲ್ ಅಂತ ಹೊಡಿ, ಒಂದು ಜಾಗ ಬಿಡು, ಬೆಟ್ಟ. ಬಿ ಇ ಟಿ ಟಿ ಎ. ... ಹಾಂ, ಎಂಟರ್. ಈಗ ಕಂಟ್ರೋಲ್ ಆಲ್ಟ್ ಎಫ್ ಟೂ. ಬಂತಾ ವಾಪಸ್?

... ಅಬ್ಬ. ತಾಳು, ಫೋನು ಭುಜಕ್ಕೆ ಒತ್ಕೋತೀನಿ, ಕೈ ತುಂಬಾ ಹುಳು. ಆಯ್ತು, ಹೇಳು.

... ಆಗಿರೋದು ಏನು ಅಂದ್ರೆ, ನಾನು ನಮ್ಮನೆ ಮಾನಿಟರ್ ಅಳತೆ ಹಾಕ್ಬಿಟ್ಟಿದೀನಿ. ಪ್ರೋಗ್ರಾಮ್ ಶುರುವಾದ ತಕ್ಷಣ ಪರದೇನೆಲ್ಲಾ ನಂಗೇ ಕೊಡು, ಇಷ್ಟಗಲ ಇಷ್ಟುದ್ದ ಕೊಡು ಅಂತ ಕೇಳ್ತದೆ. ಲ್ಯಾಬಿನ ಪ್ರೊಜೆಕ್ಟರ್ ಹಳೇದು, ಅಷ್ಟು ಅದರ ಹತ್ರ ಇಲ್ಲ. ಇಲ್ಲದ್ದನ್ನ ಕೇಳಿದ್ರೆ ಮುಖ ಕಪ್ಪು ಮಾಡ್ಕೊಂಡು ಕೂತ್ಕೊಂತದೆ, ಅಷ್ಟೇ. ಫೈಲ್ ತೆಗಿ. ಕೊನೇಗೆ ಹೋಗು, ಮೇನ್ ಅಂತ ಇದೆ.

... ಅಲ್ಲಿ ಗೇಮ್ ಮೋಡ್ ಅಂತ ಎರಡು ಸಾಲು ಇದಾವೆ ನೋಡು, ಒಂದರ ಕೆಳಗೆ ಒಂದು. ಎರಡರ ಮುಂದೇನೂ ಎರಡೆರಡು ಓರೆಗೀಟು ಹಾಕು, ಇಲ್ಲದಂಗೆ ಆಗ್ತದೆ. ಅದರ ಜಾಗದಲ್ಲಿ ವಿಂಡೋ ಸೈಜ್ ಸಾಲು ಬರಿ, ಎಂಟುನೂರು, ಆರುನೂರು. ಆಮೇಲೆ ಕ್ರಿಯೇಟ್ ವಿಂಡೋ, ಒಳಗೆ ನಮ್ಮ ಬೆಟ್ಟದ ಹೆಸರು, ಸ್ಕಂದಗಿರಿ ಅಂತ. ದೊಡ್ಡದಾಗಿ ಬೇಡ, ಚಿಕ್ಕ ವಿಂಡೋನೇ ಸಾಕು. ಓಡ್ಸು.

... ಬಂತಾ? ಬೆಟ್ಟ ಬಂತಾ? ... ಮಿಣುಕ್ತಾ ಇದ್ಯಾ? ಮೋಡ ಹರೀಬೇಕು ಕಣೇ, ನೀರು ಹರಿದಂಗೆ, ಮಿಣುಕಬಾರ್ದು. ನೀನೇನಾದ್ರೂ ಡಿಸ್‌ಪ್ಲೇ ಮೋಡ್ ಸಾಲು ಮುಟ್ಟಿದ್ಯಾ? ... ನಿಜ ಹೇಳು. ... ಡಬಲ್ ತೆಗೆದು ಸಿಂಗಲ್ ಹಾಕಿದ್ಯಾ? ಯಾರು ಹೇಳಿದ್ದು? ... ಇಂಟರ್ನೆಟ್ಟಲ್ಲಿ ನೋಡಿದ್ಯಾ. ನಿನ್ನ ತಲೆಗಿಷ್ಟು. ವಾಪಸ್ ಡಬಲ್ ಮಾಡು.

... ಕೇಳೇ, ಸರ್ ಖಂಡಿತ ಇದನ್ನೇ ಕೇಳ್ತಾರೆ, ಡಬಲ್ ಯಾಕೆ ಅಂತ. ಎರಡು ತಟ್ಟೆ ಇದಾವೆ ಅನ್ಕೋ. ಒಂದನ್ನ ಜನಕ್ಕೆ ತೋರಿಸ್ತಾ ಇರೋವಾಗ, ಹಿಂದುಗಡೆ ಇನ್ನೊಂದರಲ್ಲಿ ಮುಂದಿನ ಚಿತ್ರ ಬರ್ಕೋತೀವಿ. ಪೂರ್ತಿ ಬರೆದಾದ್ಮೇಲೆ ಅದಲು ಬದಲು. ಅರ್ಧಂಬರ್ಧ ಬರೆದಿದ್ದು ಯಾರ ಕಣ್ಣಿಗೂ ಬೀಳಲ್ಲ. ತಿಳೀತಾ? ... ಹೂಂ, ನಾನು ಮನೇಲಿ ಮಾಡ್ತಿರೋದೂ ಅದೇ. ಮುಂದುಗಡೆ ಸೊಸೆ, ಹಿಂದುಗಡೆ ಓದು. ಅದಲು ಬದಲು ಮಾಡೋ ದಿನ ಇವತ್ತಾಗಿತ್ತು.

... ಅಳ್ತಿಲ್ಲ ಕಣೇ. ಸುಣ್ಣದ ಪುಡಿ ಕಣ್ಣಿಗೆ ಹೋಯ್ತು... ಅಳ್ತಿದೀನಿ ಅಂತಾನೇ ಅನ್ಕೋ, ಏನೀಗ. ಓಡ್ತಾ?

... ಹರೀತಾ ಇದ್ಯಾ. ಬೆಟ್ಟದ ತುದಿ ಮಾತ್ರ ಕಾಣ್ಬೇಕು, ಸುತ್ತ ಮೋಡ. ... ಆಮೇಲೆ ನಿಧಾನಕ್ಕೆ ಬಿಸಿಲು. ... ಹಾಂ, ಅದೇ. ಚೆನ್ನಾಗಿದ್ಯಾ? ಇನ್ನೊಂದ್ಸಲ ಹೇಳು, ನಿಜವಾಗ್ಲೂ ಚೆನ್ನಾಗಿದ್ಯಾ?

... ಯಾರು? ಸರ್ ಬಂದ್ರಾ? ನಂಗಾ? ಕೊಡು. ... ನಮಸ್ಕಾರ ಸರ್. ವರಲಕ್ಷ್ಮಿ ಸರ್, ಬಿಸಿಎ ಕೊನೇ ವರ್ಷ. ಚೈತನ್ಯ ಜೊತೆ ಬ್ಯಾಚ್‌ಮೇಟ್.

... ಹೌದು ಸರ್, ನಾನೇ ಬರೆದಿದ್ದು. ಅವಳೂ ಸಹಾಯ ಮಾಡಿದಾಳೆ ಸರ್. ... ಇಲ್ಲ ಸರ್, ಬೆಟ್ಟ ಯಾವತ್ತೂ ಹತ್ತಿಲ್ಲ. ಕಾಲೇಜಿಗೆ ಬರ್ತಾ ಬಸ್ಸಿಂದ ನೋಡೋದು. ಮೇಲಿಂದ ಹೇಗೆ ಕಾಣ್ತದೆ ಅನ್ನೋದು ಟ್ರೆಕ್ಕಿಂಗ್ ಬರೋರು ಹಾಕೋ ಫೋಟೋ ನೋಡಿ ಬರೆದೆ.

... ಆಚೆ ಬರೋ ಕೀ ಯಾಕಿಲ್ಲ ಅಂತಾನಾ ಸರ್? ... ಹೇಳ್ತೀನಿ, ನೀವು ತಪ್ಪು ತಿಳೀಬಾರ್ದು. ಮನೇಲಿ ಇರೋದು ಒಂದೇ ಕಂಪ್ಯೂಟರ್, ನಡುಮನೇಲಿದೆ. ಮಾವ ಗೂಡಿನ ರೇಟ್ ನೋಡೋಕೆ ಬರ್ತಾರೆ, ನಮ್ಮನೆಯವ್ರು ಮ್ಯಾಚ್ ನೋಡೋಕೆ ಬರ್ತಾರೆ. ಯಾರು ಬಂದ್ರೂ ಮೊದಲು ನನ್ನ ವಿಂಡೋ ಮುಚ್ಚಿಬಿಡ್ತಾರೆ. ಮೋಡ ಕರಗಿ ಬಿಸಿಲು ಬರೋವರೆಗೂ ಸ್ವಲ್ಪ ಹೊತ್ತು ಬೇಕು ಸರ್, ಅದನ್ನ ಪೂರ್ತಿ ನೋಡೋಕೆ ಒಂದು ದಿನಾನೂ ಬಿಡ್ಲಿಲ್ಲ. ಅದಕ್ಕೇ ಪರದೆ ತುಂಬಾ ನಿಲ್ಲಂಗೆ ಮಾಡ್ದೆ, ಏನು ಒತ್ತಿದ್ರೂ ಮುಚ್ಚದಂಗೆ ಮಾಡ್ದೆ. ಆಚೆ ಬರೋ ದಾರಿ ನಂಗೊಬ್ಬಳಿಗೇ ಗೊತ್ತಿತ್ತು. ಅಲ್ಲಿ ಅವಳು ಸಿಕ್ಕಾಕೊಂತಾಳೆ ಅಂತ ಯೋಚ್ನೆ ಮಾಡ್ಲಿಲ್ಲ ಸರ್.

... ಸರ್? ಹಲೋ? ... ಇದೀನಿ ಸರ್, ಇಲ್ಲಿ ಸಿಗ್ನಲ್ ಸರಿಯಿಲ್ಲ.

... ಗೊತ್ತು ಸರ್. ನಾನು ಎದುರಿಗಿಲ್ದೆ ಅಂಕ ಹಾಕೋಕಾಗಲ್ಲ. ... ಮೂರು ಗಂಟೆವರೆಗಾ? ... ಮುಂದಿನ ವರ್ಷ ತಗೋಬಹುದು ನಿಜ ಸರ್, ಆದ್ರೆ ಮುಂದಿನ ವರ್ಷ ಅನ್ನೋದು ನಮ್ಮನೇಲಿ ಇಲ್ಲ. ಈ ವರ್ಷ ಮುಗಿಸ್ಕೋ, ಆಮೇಲೆ ಓದು ಗೀದು ಅಂದ್ರೆ ಆಗಲ್ಲ ಅಂತ ಮಾತಾಗಿರೋದು. ... ಬರ್ತೀನಿ ಸರ್. ಹೇಗೆ ಅಂತ ಗೊತ್ತಿಲ್ಲ, ಬರ್ತೀನಿ. ಚೈತನ್ಯಂಗೆ ಕೊಡಿ ಸರ್.

... ಚೈತನ್ಯ, ಗಂಟೆ ಎಷ್ಟು? ... ಒಂದೂವರೆಗೆ ಮಂಡಿಕಲ್ ಬಸ್ಸು ನಮ್ಮ ತೋಟದ ಮುಂದೇನೇ ಬರ್ತದೆ, ಅದು ಸಿಕ್ರೆ ಆಯ್ತು. ... ಕಿಟಕಿಗೆಲ್ಲಾ ಜಾಲರಿ ಬಡಿದಿದೆ ಕಣೇ, ನೊಣ ಕೂಡ ನುಸುಳಲ್ಲ. ... ತಾಳು. ಬೀಗದ ಸದ್ದು. ಬಂದ್ರು. ಫೋನ್ ಇಡ್ಬೇಡ.

... ಬನ್ನಿ ಅತ್ತೆ. ... ಅರ್ಧ ಆಗಿದೆ, ಆ ಕಡೆ ಸಾಲು ಬಾಕಿ. ... ಊಟ ಬೇಡ ಅತ್ತೆ. ಪರೀಕ್ಷೆಗೆ ಹೋಗ್ಬೇಕು. ... ಮುಗಿದಿಲ್ಲ, ಮೂರು ಗಂಟೆವರೆಗೂ ಕಾಯ್ತೀನಿ ಅಂದಿದಾರೆ ಸರ್. ಇಲ್ಲಿ ಫೋನು ಇನ್ನೂ ಲೈನಲ್ಲೇ ಇದೆ.

... ಅಕ್ಕಯ್ಯಮ್ಮನ್ನ ಕರೀರಿ ಅತ್ತೆ. ಅವ್ರು ಹುಳು ಆಯೋದ್ರಲ್ಲಿ ಎತ್ತಿದ ಕೈ ಅಂತ ನೀವೇ ಹೇಳ್ತೀರಲ್ಲ. ... ಹೊರಗಿನೋರಾ? ಪಕ್ಕದ ತೋಟದೋರು ಅತ್ತೆ ಅವ್ರು, ನೀವೂ ಅವ್ರೂ ಒಂದೇ ವಯಸ್ಸಿಗೆ ಈ ಊರಿಗೆ ಬಂದೋರು. ... ನಾನೂ ಹೊರಗಿಂದ ಬಂದೋಳೇ ಅಲ್ವಾ ಅತ್ತೆ. ನಾನು ಮುಟ್ಟಿದ್ರೆ ಕೆಡದೆ ಇರೋ ಹುಳು ಅವ್ರು ಮುಟ್ಟಿದ್ರೆ ಕೆಡ್ತದಾ.

... ಎದುರು ಮಾತಾಡ್ತಿಲ್ಲ. ಇಷ್ಟು ದಿನ ಕೇಳ್ತಾ ಇದ್ದೆ, ಇವತ್ತು ಹೇಳ್ತಾ ಇದೀನಿ. ನಾನು ಹೋಗ್ಬರ್ತೀನಿ.

... ಚೈತನ್ಯ, ಇದೀಯಾ? ... ಕೇಳಿಸ್ತಾ? ಪೋತೇ ಪೋ ಅಂದ್ರು. ಹೋಗೋದಾದ್ರೆ ಹೋಗು ಅಂತ. ಬಾಗಿಲು ತೆಗೆದೇ ಇದೆ, ಅವ್ರು ನನ್ನ ಜಾಗದಲ್ಲಿ ಕೂತ್ಕೊಂಡು ಹುಳು ಆಯ್ತಾ ಇದಾರೆ. ಮುಖ ನೋಡ್ತಿಲ್ಲ. ಬೆಳೆ ಕೆಟ್ರೆ ನಿನ್ನ ಕಾಲ್ಗುಣ ಅಂತ ಊರೆಲ್ಲಾ ಹೇಳ್ತೀನಿ ಅಂದ್ರು.

... ಹೊಸಿಲಲ್ಲೇ ನಿಂತಿದೀನಿ ಕಣೇ. ಹೆದರಿಕೆ ಆಗ್ತದೆ. ಬೀಗ ಇದ್ದಾಗ ಇಷ್ಟು ಹೆದರಿಕೆ ಆಗಿರ್ಲಿಲ್ಲ. ಹುಳು ಕೆಡಲ್ಲ ಅಂತ ನಂಗೆ ಗೊತ್ತು, ಆದ್ರೂ ಒಂದು ಪಕ್ಷ ಕೆಟ್ರೆ ಆಮೇಲೆ ಈ ಮನೇಲಿ ನಾನು ಏನು ಮಾತಾಡ್ಲಿ ಹೇಳು.

... ಇಲ್ಲ, ಸರ್‌ಗೆ ಹಂಗೆ ಹೇಳ್ಬೇಡ. ಬರಲ್ಲ ಅಂತ ಹೇಳ್ಬೇಡ. ... ಬಸ್ಸಿನ ಹಾರ್ನ್ ಕೇಳಿಸ್ತಿದೆ, ಕೆರೆ ಏರಿ ಹತ್ರ ಬಂದಿರ್ಬೇಕು. ತಾಳು, ಚಪ್ಪಲಿ... ಇಲ್ಲೇ ಆಚೆ ಬಿಟ್ಟಿದ್ದೆ. ... ಇಲ್ಲ. ಎರಡೂ ಇಲ್ಲ. ... ಅತ್ತೆ, ನನ್ನ ಚಪ್ಪಲಿ ಎಲ್ಲಿ ಅತ್ತೆ?

... ತಲೆ ಬಗ್ಗಿಸ್ಕೊಂಡು ಹುಳು ಆಯ್ತಾ ಇದಾರೆ. ... ಬೀಗ ತೆಗೆದು ಚಪ್ಪಲಿ ಬಚ್ಚಿಟ್ಟಿದಾರೆ ಕಣೇ.

... ಇರ್ಲಿ. ದಾಟಿದೀನಿ. ರೋಡಲ್ಲಿದೀನಿ. ... ಹೂಂ, ಬರಿಗಾಲಲ್ಲೇ. ಕಾಲು ಸುಡ್ತಾ ಇದೆ. ಕೈಯೆತ್ತಿದೀನಿ, ಬಸ್ಸಿನೋನು ನಿಧಾನ ಮಾಡ್ತಿದಾನೆ. ಚಾರ್ಜ್ ಮುಗೀತಾ ಬಂತು, ಕೇಳು, ಬಸ್‌ಸ್ಟ್ಯಾಂಡಿಗೆ ಒಂದು ಜೊತೆ ಚಪ್ಪಲಿ ತಗೊಂಡು ಬಾ. ಯಾವುದಾದ್ರೂ ಸರಿ. ... ನನ್ನ ಅಳತೆನಾ? ನಂದು—