ಅಣ್ಣ ಏರಿಸಿಟ್ಟ ಸ್ಪೀಡು

ದಾವಣಗೆರೆಯಿಂದ ಹೊರಟ ಹರಿಹರದ ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ನಿಂತಿದ್ದ ದಿನೇಶ ರಿಪೇರಿಯಿಂದ ತಂದ ಅಣ್ಣನ ಲ್ಯಾಪ್‌ಟಾಪ್ ಬ್ಯಾಗನ್ನು, ಸೀಟು ಸಿಕ್ಕಿದ್ದ ಮುದುಕಿ ಕರಿಯವ್ವನ ಮಡಿಲಿಗಿಟ್ಟು, "ಸ್ವಲ್ಪ ಹಿಡ್ಕಳ್ರಿ ಅಜ್ಜೀ" ಎಂದ. ಪಕ್ಕದಲ್ಲಿ ನಿಂತಿದ್ದ ಅವನ ಅಕ್ಕ ಭವ್ಯಾ ಕೇಳಿದಳು:

"ಇದ್ರಾಗೆ ಗೇಮ್ ಯಾಕ ತಡೆತಡೆದು ಓಡ್ತೈತಂತೆ?"

"ಅಣ್ಣ ಇದರ ಸ್ಪೀಡು ಮಿತಿಮೀರಿ ಏರಿಸಿಟ್ಟಿದ್ನಂತೆ. ಕಾದು ಕಾದು ಚಿತ್ರ ನಿಧಾನ ಆಗ್ತೈತೆ, ಇಳಿಸದಿದ್ರೆ ಸುಟ್ಟೇ ಹೋಗ್ತೈತೆ ಅಂದ ರಿಪೇರಿಯವ."

"ಇಳಿಸಬ್ಯಾಡೋ. ಸತ್ತೋನು ಕೈಯಾರೆ ಮಾಡಿಟ್ಟಿದ್ದು ಅಂತ ಉಳಿದಿರೋದು ಅದೊಂದೇ."

"ಇಳಿಸಿದ್ವಿ ಅಕ್ಕಾ. ಆರಿಸಿ ಹಚ್ಚಿದ್ರೆ, ಅಣ್ಣ ಇಟ್ಟಿದ್ದಲ್ಲಿಗೇ ಬಂದು ನಿಂತಿತ್ತು."

"ತಿಥಿಗೆ ಅವ್ವ ಅದರ ಮುಂದೆ ಎಡೆ ಇಟ್ಟು ವಿಭೂತಿ ಹಚ್ಚಿದ್ಲಲ್ಲ, ಆ ಬೂದಿ ಒಳಗಿನ ಫ್ಯಾನಿಗೆ ಹೋಗಿರ್ಬೇಕು."

"ಅದನ್ನೂ ಊದಿ ತೆಗೆದ. ಲ್ಯಾಪ್‌ಟಾಪಿಗೆ ಹೋಳಿಗೆ ಉಣ್ಸೋರು ನೀವೇ ಮೊದ್ಲು ಅಂತ ನಕ್ಕ. ಮತ್ತೆ ಹಚ್ಚಿ ನೋಡಿದ ಮ್ಯಾಲೆ ನಗಲಿಲ್ಲ."

"ಕಡೀಗೆ ಏನ್ ಮಾಡಿದಿ?"

"ಬ್ಯಾಟ್ರಿ ಬಿಚ್ಚಿಸಿ ಅದನ್ನ ಅಂಗಡ್ಯಾಗೇ ಬಿಟ್ಟು, ಇದೊಂದನ್ನೇ ತಂದೆ. ಇನ್ನೇನು ಸುಡಾಂಗಿಲ್ಲ."

ಹರಿಹರ ಬಂತು. ದಿನೇಶ ಬ್ಯಾಗಿಗೆ ಕೈ ಚಾಚಿದ.

"ಮಗಾ, ಇದು ಆಗಿಂದ ತೊಡೆ ಸುಡ್ತಾ ಐತೆ" ಎಂದಳು ಕರಿಯವ್ವ. "ಒಳಗೆ ಏನೋ ಗುಂಯ್ ಅಂತೈತೆ."

ಅವನ ಕೈ ಅಲ್ಲೇ ನಿಂತಿತು. ಭವ್ಯಾ ಬ್ಯಾಗನ್ನೆತ್ತಿ ಎದೆಗವಚಿಕೊಂಡಳು.

"ಬಾ ಅಣ್ಣಾ, ಊರು ಬಂತು" ಎಂದಳು ಬ್ಯಾಗಿಗೆ.

ಅವಳು ಇಳಿದು ಬಿರಬಿರನೆ ನಡೆದಳು. ದಿನೇಶ ಅವಳ ಜೊತೆಗೂಡದೆ ತುಸು ಹಿಂದೆಯೇ ಉಳಿದ.