ಮನೆಗೊಬ್ಬರು ಹೋದರಾಯ್ತು

ಒಬ್ಬ ಶ್ರೀಮಂತ. ಊರು ಯಾವುದಾದರೇನು, ಇಂಥವನು ಎಲ್ಲ ಊರಲ್ಲೂ ಇರ್ತಾನೆ. ಊರಾಚೆ ಹೊಸ ಮನೆ ಕಟ್ಟಿಸಿದ್ದ. ಎದುರಿಗೆ ಪಂಚಾಯ್ತಿಯ ಖಾಲಿ ಜಾಗ. ಮಗಳ ಮದುವೆಗೆ ಅಲ್ಲೇ ಚಪ್ಪರ ಹಾಕಿಸಬೇಕು, ಬೀಗರು ಮೂಗಿನ ಮೇಲೆ ಬೆರಳಿಡಬೇಕು ಅಂತ ಅವನ ಆಸೆ.

ಗ್ರಾಮಸಭೆ ಇದೆ ಅಂತ ಆಟೋದಲ್ಲಿ ಕೂಗಿಕೊಂಡು ಹೋದರು. ಇವನು ಕಿಟಕಿ ಮುಚ್ಚಿದ. ಹೋಗಿ ಬರಬಾರದೇ ಅಂದಳು ಹೆಂಡತಿ. ಇವನ ಉತ್ತರ ಏನು ಗೊತ್ತಾ? ಸಾವಿಗೆ, ಸೀಮಂತಕ್ಕೆ ಮನೆಗೊಬ್ಬರು ಹೋಗಿ ಮುಖ ತೋರಿಸಿ ಬರಲ್ವೇ, ಇದೂ ಹಾಗೇ. ಮನೆಯ ಆಳನ್ನು ಕರೆದ. ನೀನು ಹೋಗಿ ಕೂತ್ಕೋ, ಎಲ್ಲರೂ ಕೈ ಎತ್ತಿದಾಗ ನೀನೂ ಎತ್ತು, ಟೀ ಕೊಟ್ಟರೆ ಕುಡಿದು ಬಾ ಅಂದ. ನೋಡಿ, ಎಷ್ಟು ಸಲೀಸು.

ಆಳು ಹೋದ, ಕೂತ. ಕಸದ ಮಾತು ಬಂತು. ಊರ ಕಸವೆಲ್ಲ ಬೀಳ್ತಿದ್ದದ್ದು ಶಾಲೆಯ ಹಿಂದೆ, ಈ ಆಳಿನ ಕೇರಿಯ ಪಕ್ಕ. ಎಲ್ಲಿಗೆ ಸಾಗಿಸೋಣ ಅಂತ ಅಧ್ಯಕ್ಷೆ ಕೇಳಿದರು. ಊರಾಚೆಯ ಖಾಲಿ ಜಾಗಕ್ಕೆ ಅಂದರು ಒಬ್ಬರು. ಬೇಡ ಅನ್ನೋರು ಇದ್ದೀರಾ ಅಂತ ಅಧ್ಯಕ್ಷೆ ಮತ್ತೆ ಮತ್ತೆ ಕೇಳಿದರು. ಬೇಡ ಅನ್ನಬೇಕಾದವನು ಎಲ್ಲಿದ್ದ? ಮನೆಯಲ್ಲಿ ಫ್ಯಾನಿನ ಕೆಳಗೆ ಮಲಗಿದ್ದ. ಎಲ್ಲರ ಕೈ ಎದ್ದಿತು. ಆಳಿನ ಕೈಯೂ ಎದ್ದಿತು.

ಮದುವೆ ಹತ್ತಿರ ಬಂತು. ಆ ಜಾಗಕ್ಕೆ ಚಪ್ಪರದ ಗಳ ಬರಲಿಲ್ಲ, ಕಸದ ಶೆಡ್ಡಿನ ತಗಡು ಬಂತು. ಶ್ರೀಮಂತ ಪಂಚಾಯ್ತಿಗೆ ಓಡಿದ. ಸಭೆಯಲ್ಲಿ ತೀರ್ಮಾನ ಆಗಿದೆ, ತಕರಾರಿದ್ದರೆ ಮುಂದಿನ ಸಭೆಗೆ ಬಂದು ಹೇಳಿ ಅಂದರು ಅಧ್ಯಕ್ಷೆ. ಮನೆಗೆ ಬಂದವನೇ ಆಳಿನ ಮೇಲೆ ಹರಿಹಾಯ್ದ. ನಮ್ಮನೆ ಪರವಾಗಿ ಹೋಗಿ ನಮಗೇ ಬತ್ತಿ ಇಟ್ಟೆಯಲ್ಲೋ ಅಂದ.

ಆಳು ತಲೆ ತಗ್ಗಿಸಲಿಲ್ಲ. "ನಾನು ಎತ್ತಿದ್ದು ನನ್ನ ಕೈ ಧಣಿ. ನಮ್ಮ ಮಕ್ಕಳು ಆ ನಾತದಲ್ಲಿ ಕೂತು ಓದ್ತಿದ್ರು. ನಿಮ್ಮ ಕೈ ಎತ್ತೋಕೆ ನೀವೇ ಬರಬೇಕಿತ್ತು."

ನಗ್ತೀರಾ? ಯಾರನ್ನ ನೋಡಿ ನಗ್ತೀರಾ? ಮೊನ್ನೆ ನಮ್ಮೂರ ಗ್ರಾಮಸಭೆಯನ್ನ ಜನ ಸಾಲದೆ ಮುಂದಕ್ಕೆ ಹಾಕಿದರಲ್ಲ, ನೀವೆಲ್ಲ ಎಲ್ಲಿದ್ರಿ? ಇದೇ ಮಠದ ಜಗಲಿ ಮೇಲೆ ಕೂತು, ಚರಂಡಿ ಸರಿಯಿಲ್ಲ, ಬೀದಿದೀಪ ಉರಿಯಲ್ಲ, ಸರ್ಕಾರ ಸತ್ತಿದೆ ಅಂತ ಬೈತಿದ್ರಿ. ಹೇಳಿ ಹೇಳಿ ನನಗೆ ಸಾಕಾಗಿದೆ. ವೋಟು ಹಾಕಿ ಬೆರಳಿಗೆ ಮಸಿ ಹಚ್ಚಿಸಿಕೊಂಡರೆ ಐದು ವರ್ಷ ಮಲಗೋಕೆ ರಜೆ ಸಿಕ್ಕ ಹಾಗಲ್ಲ.

ಆ ಸಭೆ ಸೋಮವಾರಕ್ಕೆ ಮತ್ತೆ ಕರೆದಿದ್ದಾರೆ. ಗಂಡ ಹೋದ ಅಂತ ಹೆಂಡತಿ ಉಳೀಬೇಡಿ, ಅಪ್ಪ ಹೋದ ಅಂತ ಮಗ ಉಳೀಬೇಡಿ. ಹೋಗಿ ಬಾಯಿಗೆ ಬೀಗ ಹಾಕ್ಕೊಂಡು ಕೂರಬೇಡಿ. ಬೇಕಾದ್ದನ್ನ ಕೇಳಿ, ಬೇಡದ್ದನ್ನ ಬೇಡ ಅನ್ನಿ, ಪಕ್ಕದ ಕೇರಿಯವರ ಕಷ್ಟಕ್ಕೂ ಕಿವಿ ಕೊಡಿ. ಅವತ್ತು ಇಲ್ಲಿ ಪ್ರವಚನ ಇಲ್ಲ. ನಾನೂ ಪಂಚಾಯ್ತಿ ಅಂಗಳದಲ್ಲೇ ಕೂತಿರ್ತೀನಿ. ನನಗೆ ಕೈ ಮುಗಿದದ್ದು ಸಾಕು. ಅಲ್ಲಿ ಬಂದು ಕೈ ಎತ್ತಿ.